ನವೆಂಬರ್‌ನ ವಲಸೆ ಹಕ್ಕಿಗಳನ್ನು ನೋಡುವುದು ಹೇಗೆ? ಮಾಗಡಿ ಕೆರೆಯಿಂದ ಶುರು ಮಾಡಿ

ದೀಪಾವಳಿ ಮುಗಿದು ವಾರ ಕಳೆಯುವಷ್ಟರಲ್ಲಿ ನನ್ನ ಫೋನಿಗೆ ಒಂದೇ ಪ್ರಶ್ನೆ ಬರೋಕೆ ಶುರುವಾಗುತ್ತದೆ: "ಹೆಬ್ಬಾತು ಬಂದ್ವಾ?" ಬಂದಿರುತ್ತವೆ, ಇಲ್ಲಾ ಇನ್ನೇನು ಬರುತ್ತವೆ. ಆದರೆ ಕೇಳಿದವರಲ್ಲಿ ಅರ್ಧ ಜನ ಹೋಗಿ ಬಂದು "ಏನೂ ಕಾಣಲಿಲ್ಲ, ಬರೀ ನೀರು" ಅಂತಾರೆ. ಉಳಿದವರು ಮೊದಲ ದಿನವೇ ಮೂರು ಅಪರೂಪದ ಹಕ್ಕಿ ಸಿಕ್ಕವು ಅಂತ ಫೋಟೊ ಕಳಿಸುತ್ತಾರೆ. ನೋಡಿದರೆ ಮೂರೂ ಮಾಮೂಲಿ ಹಕ್ಕಿಗಳೇ. ಈ ಎರಡೂ ತಪ್ಪನ್ನು ನಾನು ಸಾಕಷ್ಟು ಸಲ ಮಾಡಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಉದಾಹರಣೆಗೆ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ಪಕ್ಕದ ಮಾಗಡಿ ಅಲ್ಲ, ಮ್ಯಾಪಿನಲ್ಲಿ ಬರೀ ಮಾಗಡಿ ಅಂತ ಹಾಕಿ ಅಲ್ಲಿಗೆ ಹೋಗಿಬಿಟ್ಟೀರಿ ಮತ್ತೆ. ಇದು ಗದಗದಿಂದ ಸುಮಾರು 26 ಕಿಲೋಮೀಟರ್, ಲಕ್ಷ್ಮೇಶ್ವರಕ್ಕೆ ಹತ್ತಿರ. 2024ರಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಇದಕ್ಕೂ ರಾಮ್ಸಾರ್ ಪಟ್ಟ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಅಷ್ಟೇನೂ ದೊಡ್ಡ ಕೆರೆಯಲ್ಲ. ಆದರೆ ಚಳಿಗಾಲದಲ್ಲಿ ಇಲ್ಲಿ ಸಾವಿರಗಟ್ಟಲೆ ಪಟ್ಟೆತಲೆ ಹೆಬ್ಬಾತುಗಳು ಸೇರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ಮಂಗೋಲಿಯಾ, ಟಿಬೆಟ್, ಲಡಾಖಿನ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುವ ಹಕ್ಕಿಗಳು. ಬೆನ್ನಿಗೆ ಉಪಕರಣ ಕಟ್ಟಿ ಬಿಟ್ಟ ಕೆಲವು 7 ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿಂದ ಹೊರಟು ಲಕ್ಷ್ಮೇಶ್ವರದ ಪಕ್ಕ ಬಂದು ಇಳಿಯುತ್ತವೆ ಅಂದ್ರೆ ಸುಮ್ನೆನಾ!

ಮೊದಲು: ಯಾವಾಗ ಹೋಗೋದು

ಹೆಬ್ಬಾತು ಬರೋದು ನವೆಂಬರ್‌ನಲ್ಲಿ. ಡಿಸೆಂಬರ್, ಜನವರಿಗೆ ಸಂಖ್ಯೆ ಜಾಸ್ತಿಯಾಗುತ್ತದೆ, ಫೆಬ್ರವರಿ ದಾಟುತ್ತಿದ್ದಂತೆ ಹೊರಡುತ್ತವೆ. ಬರೀ ಹೆಬ್ಬಾತು ನೋಡಬೇಕು ಅಂದ್ರೆ ಜನವರಿ ಸಾಕು. ಅಪರೂಪದ್ದು ಏನಾದರೂ ಸಿಗಲಿ ಅನ್ನುವವರಿಗೆ ನವೆಂಬರೇ ಒಳ್ಳೆಯದು. ಇನ್ನೂ ದಕ್ಷಿಣಕ್ಕೆ ಹೋಗುವ ಹಕ್ಕಿಗಳು ದಾರಿಯಲ್ಲಿ ಒಂದೆರಡು ದಿನ ಇಳಿದು ಹೋಗುವ ಕಾಲ ಅದು.

ಹೊರಡುವ ಮುಂಚೆ ಅಲ್ಲಿನವರನ್ನು ಯಾರನ್ನಾದರೂ ಒಂದು ಮಾತು ಕೇಳಿ: ಕೆರೆ ಎಷ್ಟು ತುಂಬಿದೆ? ಹಿಂಗಾರು ಜೋರಾಗಿ ಕೋಡಿ ಹರಿಯುತ್ತಿದ್ದರೆ ಬಾತುಗಳು ಸಿಗಬಹುದು, ಆದರೆ ಕೆಸರಿನಲ್ಲಿ ಓಡಾಡುವ ಗೊರವಗಳಿಗೆ ಜಾಗವೇ ಇರುವುದಿಲ್ಲ. ನೀರು ಸ್ವಲ್ಪ ಇಳಿದು ಅಂಚಿನಲ್ಲಿ ಕೆಸರು ಕಾಣಿಸಿದ ಮೇಲೆ ಅವು ಬರುತ್ತವೆ. ಒಂದೇ ಕೆರೆಗೆ ಹದಿನೈದು ದಿನ ಬಿಟ್ಟು ಹೋದರೆ ಬೇರೆಯೇ ಕೆರೆಗೆ ಬಂದ ಹಾಗಿರುತ್ತದೆ.

ಹೊತ್ತು ಮತ್ತು ಬಿಸಿಲು

ಹೆಬ್ಬಾತುಗಳು ಕತ್ತಲಾದ ಮೇಲೆ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಹೋಗಿ ಬೆಳಗಿನ ಹೊತ್ತಿಗೆ ಕೆರೆಗೆ ವಾಪಸ್ ಬರುತ್ತವೆ. ಆದ್ದರಿಂದ ಸೂರ್ಯ ಹುಟ್ಟುವ ಮುಂಚೆಯೇ ಅಲ್ಲಿರಿ. ಮೊದಲು ದನಿ ಕೇಳುತ್ತದೆ, ದೂರದಲ್ಲಿ ಯಾರೋ ಹಳೇ ಹಾರ್ನ್ ಒತ್ತುತ್ತಿರುವ ಹಾಗೆ. ಆಮೇಲೆ ಆಕಾಶದಲ್ಲಿ ಗೆರೆಗಳು. ನೀರಿನ ಮೇಲೆ ಬಂದಾಗ ರೆಕ್ಕೆ ಅರ್ಧ ಮಡಚಿ ಆಚೆ ಈಚೆ ವಾಲಾಡುತ್ತಾ ಬೀಳುವವರ ಹಾಗೆ ಇಳಿಯುತ್ತವೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಇಳಿಯೋಕೆ ಬರಲ್ವಾ ಅನ್ನಿಸಬೇಕು, ಹಾಗೆ.

ಬಿಸಿಲು ಬೆನ್ನಿಗಿರಲಿ. ಬೆಳಿಗ್ಗೆ ಕೆರೆಯ ಪೂರ್ವದ ಅಂಚಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಅದರ ತಿರುಗಾಮುರುಗಾ. "ಬರೀ ನೀರು" ಅಂದವರನ್ನು ಕೇಳಿದರೆ ಸಾಮಾನ್ಯವಾಗಿ ಸೂರ್ಯನಿಗೆ ಎದುರು ನಿಂತಿರುತ್ತಾರೆ, ಹಕ್ಕಿಗಳೆಲ್ಲ ಕಪ್ಪು ಚುಕ್ಕೆಗಳಾಗಿರುತ್ತವೆ. ಏರಿಯ ಮೇಲೆ ಎದ್ದು ಕಾಣುವಂತೆ ನಡೆಯಬೇಡಿ. ಗಿಡದ ಮರೆಯಲ್ಲಿ ಕೂತುಬಿಡಿ. ಕೂತ ಇಪ್ಪತ್ತು ನಿಮಿಷಕ್ಕೆ ಹಕ್ಕಿಗಳು ನಿಮ್ಮನ್ನು ಮರೆಯುತ್ತವೆ.

ಬೈನಾಕ್ಯುಲರ್ ಹೊಂದಿಸಿಕೊಳ್ಳಿ

8x42 ಅಂತ ಬರೆದಿರುವುದು ಸಾಕು. 8 ಅಂದ್ರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. 20 ಪಟ್ಟು ಅಂತ ಸಂತೆಯಲ್ಲಿ ಮಾರುವುದನ್ನು ತರಬೇಡಿ, ಕೈ ನಡುಗಿದರೆ ಕೆರೆಯೇ ನಡುಗುತ್ತದೆ.

ಬಹಳ ಜನ ಇದನ್ನು ತಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದೇ ಇಲ್ಲ. ಹೀಗೆ ಮಾಡಿ. ದೂರದ ಒಂದು ಬೋರ್ಡ್ ಆರಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡುತ್ತಾ ಮಧ್ಯದ ಚಕ್ರ ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಬಲಗಡೆಯ ಕಣ್ಣಿನ ಹತ್ತಿರ ಇರುವ ಸಣ್ಣ ಬಳೆ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಆ ಬಳೆಯನ್ನು ಮತ್ತೆ ಮುಟ್ಟಬೇಡಿ. ಇನ್ನು ಹಕ್ಕಿ ಕಂಡಾಗ ಅದರಿಂದ ಕಣ್ಣು ತೆಗೆಯದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ತಲೆ ಬಗ್ಗಿಸಿದಿರೋ, ಹಕ್ಕಿ ಹೋಯ್ತು.

ಮಾಮೂಲಿ ಹಕ್ಕಿಗಳನ್ನು ಮೊದಲು ಕಲಿಯಿರಿ

ಇದು ಬೋರು ಹೊಡೆಸುವ ಹೆಜ್ಜೆ, ಆದರೆ ಎಲ್ಲ ನಿಂತಿರುವುದು ಇದರ ಮೇಲೆಯೇ. ನಿಮ್ಮೂರಿನ ಕೆರೆಯಲ್ಲೇ ಕಲಿಯಬಹುದು. ಹಣೆ ಮೇಲೆ ಬಿಳಿ ನಾಮವಿರುವ ನಾಮದ ಕೋಳಿ, ಮುಳುಗಿ ಇನ್ನೆಲ್ಲೋ ಏಳುವ ಗುಳುಮುಳುಕ, ಗುಲಾಬಿ ಕಾಲಿನ ಮೆಟ್ಟುಗಾಲು ಹಕ್ಕಿ, ನಿಮ್ಮನ್ನು ಕಂಡ ಕೂಡಲೇ ಊರಿಗೆಲ್ಲ ಸಾರುವ ಟಿಟ್ಟಿಭ, ನೀರುಕಾಗೆ. ಹೀಗೆ ಹತ್ತು ಹನ್ನೆರಡು ಹಕ್ಕಿ ನೋಡಿದ ಕೂಡಲೇ ಗೊತ್ತಾಗುವಂತಾದರೆ, ಹನ್ನೊಂದನೆಯದೋ ಹದಿಮೂರನೆಯದೋ ತಾನಾಗಿಯೇ ಕಣ್ಣಿಗೆ ಚುಚ್ಚುತ್ತದೆ.

ನವೆಂಬರ್‌ನಲ್ಲಿ ಒಂದು ತೊಡಕಿದೆ. ಉತ್ತರದಿಂದ ಬರುವ ಗಂಡು ಬಾತುಗಳಲ್ಲಿ ಹಲವು ಆಗಿನ್ನೂ ತಮ್ಮ ಬಣ್ಣದ ಪುಕ್ಕ ಪೂರ್ತಿ ತೊಟ್ಟಿರುವುದಿಲ್ಲ. ಪುಸ್ತಕದಲ್ಲಿ ಬಿಳಿ ಕತ್ತಿನ ಚೆಂದದ ಸೂಜಿಬಾಲದ ಬಾತು ನೋಡಿರುತ್ತೀರಿ, ಕೆರೆಯಲ್ಲಿ ಹೆಚ್ಚಿನವು ಮಣ್ಣಿನ ಬಣ್ಣ. ಬಣ್ಣ ಬಿಡಿ, ಆಕಾರ ನೋಡಿ. ಕೊಕ್ಕು ಸಲಿಕೆಯ ಹಾಗಿದ್ದರೆ ಸಲಿಕೆ ಕೊಕ್ಕಿನ ಬಾತು, ಕತ್ತು ಸಪೂರ ಬಾಲ ಚೂಪು ಇದ್ದರೆ ಸೂಜಿಬಾಲದ್ದು. ಮೈಯೆಲ್ಲ ಕಿತ್ತಳೆ ಕಂದು ಬಣ್ಣದ ದೊಡ್ಡ ಬಾತು ಕಂಡರೆ ಚಕ್ರವಾಕ, ಅದರಲ್ಲಿ ಗೊಂದಲವಿಲ್ಲ.

ಎಲ್ಲ ಬಾತುಗಳೂ ಒಮ್ಮೆಲೇ ಎದ್ದರೆ ಅವುಗಳ ಹಿಂದೆ ಓಡಬೇಡಿ, ತಲೆ ಎತ್ತಿ. ಸಾಮಾನ್ಯವಾಗಿ ಬೇಟೆಗಾರ ಹಕ್ಕಿ ಇರುತ್ತದೆ. ಚಳಿಗಾಲಕ್ಕೆ ಬರುವ ಜೌಗು ಸೆಳೆವ, ರೆಕ್ಕೆಯನ್ನು ವಿ ಆಕಾರಕ್ಕೆ ಎತ್ತಿ ಕೆರೆಯಂಚಿನ ಆಪು ಹುಲ್ಲಿನ ಮೇಲೆ ತೇಲುತ್ತಾ ಬರುತ್ತದೆ. ಹೆಣ್ಣಿನ ತಲೆ ಕೆನೆ ಬಣ್ಣ, ಮೈ ಕಂದು. ಇದನ್ನು ನೋಡಿ ಹದ್ದು ಅಂದವರೂ ಇದ್ದಾರೆ, ಗರುಡ ಅಂದವರೂ ಇದ್ದಾರೆ.

ಅನುಮಾನ ಬಂದಾಗ

ಈಗ ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ, ನವೆಂಬರ್ ಕೊನೆಯ ಭಾನುವಾರ, ಹೆಬ್ಬಾತುಗಳ ಗುಂಪಿನಲ್ಲಿ ಒಂದಕ್ಕೆ ತಲೆಯ ಮೇಲೆ ಪಟ್ಟೆಯೇ ಇರಲಿಲ್ಲ. ನೆತ್ತಿ ಬೂದು. ಎದೆ ಡವಡವ ಅಂತು. ಗ್ರೇಲ್ಯಾಗ್ ಗೂಸ್! ಉತ್ತರ ಭಾರತಕ್ಕೆ ಚಳಿಗಾಲದಲ್ಲಿ ಬರುವ ಹೆಬ್ಬಾತು, ನಮ್ಮ ರಾಜ್ಯದಲ್ಲಿ ಅಪರೂಪ. ಅಲ್ಲೇ ನಾಲ್ಕು ಜನರಿಗೆ ಫೋನ್ ಮಾಡಿದೆ. ಸಂಜೆ ಇ-ಬರ್ಡ್‌ನಲ್ಲಿ, ಅಂದ್ರೆ ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣದಲ್ಲಿ, ಹಾಕಿದೆ. ಎರಡು ದಿನಕ್ಕೆ ಪರಿಶೀಲಕರಿಂದ ಬಹಳ ಮರ್ಯಾದೆಯ ಒಂದು ಇಮೇಲ್ ಬಂತು: ಕೊಕ್ಕಿನ ಬಣ್ಣ ಏನಿತ್ತು?

ನಾನು ಕೊಕ್ಕು ನೋಡಿರಲೇ ಇಲ್ಲ. ಫೋಟೊ ದೊಡ್ಡದು ಮಾಡಿ ನೋಡಿದರೆ ಕೊಕ್ಕು ಹಳದಿ, ಮುಖ ಬೆಳ್ಳಗೆ. ಗ್ರೇಲ್ಯಾಗ್‌ಗೆ ಗುಲಾಬಿ ಕೊಕ್ಕು. ನಾನು ನೋಡಿದ್ದು ಪಟ್ಟೆತಲೆಯದೇ ಆ ವರ್ಷದ ಮರಿ. ಮೊದಲ ಚಳಿಗಾಲದಲ್ಲಿ ಅವಕ್ಕೆ ಪಟ್ಟೆ ಮೂಡಿರುವುದಿಲ್ಲ, ನೆತ್ತಿಯಿಂದ ಹಿಂಗತ್ತಿನವರೆಗೂ ಬೂದುಗಂದು ಬಣ್ಣ. ಪಕ್ಕದಲ್ಲೇ ಅದರ ಅಪ್ಪ ಅಮ್ಮ ನಿಂತಿದ್ದವು. ಆ ನಾಲ್ಕು ಜನರಿಗೆ ಮತ್ತೆ ಫೋನ್ ಮಾಡಬೇಕಾಯ್ತು.

ಆಮೇಲಿಂದ ನನ್ನ ಕ್ರಮ ಇದು. ಪುಸ್ತಕ, ಆ್ಯಪ್ ಯಾವುದನ್ನೂ ತೆಗೆಯುವ ಮುಂಚೆ ಡೈರಿಯಲ್ಲಿ ಒಂದು ಒಡ್ಡೊಡ್ಡು ಚಿತ್ರ ಬರೆಯುತ್ತೇನೆ. ನನ್ನ ಹೆಬ್ಬಾತು ಕುಂಬಳಕಾಯಿಯ ಹಾಗಿರುತ್ತದೆ, ಪರವಾಗಿಲ್ಲ. ಕೊಕ್ಕು, ಕಾಲು, ಕಣ್ಣಿನ ಸುತ್ತ, ಹಾರಿದಾಗ ರೆಕ್ಕೆಯಲ್ಲಿ ಕಂಡದ್ದು, ಪಕ್ಕದ ಹಕ್ಕಿಗಿಂತ ದೊಡ್ಡದೋ ಚಿಕ್ಕದೋ, ಎಲ್ಲಾ ಗೆರೆ ಎಳೆದು ಬರೆಯುತ್ತೇನೆ. ನೋಡದೆ ಇದ್ದದ್ದಕ್ಕೆ "ನೋಡಿಲ್ಲ" ಅಂತ ಬರೆಯುತ್ತೇನೆ. ಪುಸ್ತಕ ನೋಡಿದ ಮೇಲೆ ನಮ್ಮ ನೆನಪು ಪುಸ್ತಕದ ಪರವಾಗಿ ಸಾಕ್ಷಿ ಹೇಳೋಕೆ ಶುರು ಮಾಡುತ್ತದೆ. ನಂತರ ಕೇಳಿಕೊಳ್ಳುವ ಪ್ರಶ್ನೆ: ಇದು ಮಾಮೂಲಿ ಹಕ್ಕಿಯ ಮರಿಯೋ, ಹೆಣ್ಣೋ, ಪುಕ್ಕ ಉದುರಿಸುತ್ತಿರುವುದೋ? ಮೂರಕ್ಕೂ ಅಲ್ಲ ಅಂತ ಬಂದರೆ ಮಾತ್ರ ಖುಷಿಪಡಿ. ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೆಸರು ಸೂಚಿಸುತ್ತದೆ, ಒಳ್ಳೆಯದೇ, ಆದರೆ ಅದು ಹೇಳಿತು ಅನ್ನುವುದು ಸಾಕ್ಷಿಯಲ್ಲ.

ದಾಖಲಿಸುವುದು

ಇ-ಬರ್ಡ್ ಉಚಿತ. ಶುರು ಮಾಡಿದ ಹೊತ್ತು, ನಡೆದ ದೂರ, ಕಂಡ ಎಲ್ಲ ಹಕ್ಕಿ, ಪ್ರತಿಯೊಂದರ ಸಂಖ್ಯೆ. ಬರೀ ಅಪರೂಪದ್ದನ್ನು ಹಾಕಿ ಕಾಗೆ ಗೊರವಂಕ ಬಿಟ್ಟರೆ ಪಟ್ಟಿಯ ಬೆಲೆ ಅರ್ಧ ಹೋಯಿತು. ಎರಡು ಸಾವಿರ ಹೆಬ್ಬಾತು ಎಣಿಸೋದು ಹೇಗೆ ಅಂತೀರಾ? ಮೊದಲು ಹತ್ತು ಎಣಿಸಿ, ಅವು ಎಷ್ಟು ಜಾಗ ಹಿಡಿದಿವೆ ನೋಡಿಕೊಳ್ಳಿ. ಅಂಥ ಹತ್ತು ಜಾಗ ಅಂದ್ರೆ ನೂರು. ಆ ನೂರರ ಅಳತೆ ಹಿಡಿದು ಗುಂಪಿನ ಉದ್ದಕ್ಕೂ ಸಾಗಿ. ಆ ಜಾಗಕ್ಕೆ, ಆ ತಿಂಗಳಿಗೆ ಅಪರೂಪದ ಹಕ್ಕಿ ಹಾಕಿದರೆ ಆ್ಯಪ್ ವಿವರ ಕೇಳುತ್ತದೆ. ನಿಮ್ಮ ಡೈರಿಯಲ್ಲಿರುವುದನ್ನೇ ಬರೆಯಿರಿ, ಮಸುಕಾದ ಫೋಟೊ ಇದ್ದರೂ ಹಾಕಿ.

ಕೆರೆಯಾಚೆಗೂ ಕಣ್ಣಿರಲಿ

ಬರುವಾಗ ದಾರಿಯ ತಂತಿ ನೋಡಿ. ನವೆಂಬರ್‌ನಲ್ಲಿ ಅಮುರ್ ಚಾಣ ಅನ್ನುವ ಸಣ್ಣ ಬೇಟೆ ಹಕ್ಕಿಗಳು ಸೈಬೀರಿಯಾ, ಚೀನಾ ಕಡೆಯಿಂದ ನಾಗಾಲ್ಯಾಂಡ್ ಹಾದು, ದಕ್ಷಿಣ ಭಾರತ ದಾಟಿ, ಅರಬ್ಬಿ ಸಮುದ್ರದ ಮೇಲೆ ಆಫ್ರಿಕಾಕ್ಕೆ ಹೋಗುತ್ತವೆ. ಕಂಡರೆ ಅದೃಷ್ಟ. ಗಂಡು ಬೂದು ಬಣ್ಣ, ಕಾಲು ಕಿತ್ತಳೆ, ತೊಡೆ ಇಟ್ಟಿಗೆ ಕೆಂಪು, ಹಾರಿದಾಗ ರೆಕ್ಕೆಯ ಅಡಿ ಮುಂಭಾಗ ಬೆಳ್ಳಗೆ. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತಿದ್ದರೆ ಮೊದಲು ಕೆಂಪು ಚಾಣ ಅಂದುಕೊಳ್ಳಿ, ಅದು ಪ್ರತಿ ಚಳಿಗಾಲ ಬರುವ ಮಾಮೂಲಿ ಅತಿಥಿ. ಜೋಳದ ಹೊಲದ ಮೇಲೆ ಹೊಗೆಯ ಹಾಗೆ ಸುಳಿಯುವ ಗುಂಪು ಗುಲಾಬಿ ಮೈನಾ.

ಪೇಟೆಯಲ್ಲಿದ್ದೀರಾ? ಅಕ್ಟೋಬರ್‌ನಿಂದಲೇ ನವರಂಗ ಬರುತ್ತದೆ. ವಲಸೆಯಲ್ಲಿ ರಾತ್ರಿ ಹಾರುವ ಹಕ್ಕಿ, ಕೆಲವು ಸಲ ದೀಪಕ್ಕೆ ದಾರಿ ತಪ್ಪಿ ಗಾಜಿಗೆ ಬಡಿದು ಬಾಲ್ಕನಿಯಲ್ಲಿ ಬಿದ್ದಿರುತ್ತದೆ. ಬಾಯಿಗೆ ನೀರು ಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಚೇತರಿಸಿಕೊಂಡರೆ ಮರವಿರುವ ಕಡೆ ಬಿಡಿ, ಇಲ್ಲದಿದ್ದರೆ ಹಕ್ಕಿಗಳ ಆರೈಕೆ ಗೊತ್ತಿರುವವರಿಗೆ ಒಪ್ಪಿಸಿ.

ಮರೆಯಬಾರದ ಒಂದೆರಡು

ಹೊಲ ತುಳಿಯಬೇಡಿ. ಹಿಂದಿನ ಸಲ ಬದುವಿನ ಮೇಲೆ ನಿಂತಿದ್ದಾಗ ಒಬ್ಬರು ರೈತರು ಬಂದು "ಏನ್ ನೋಡಾಕತ್ತೀರಿ ಸರ್? ನಿಮ್ ಹಕ್ಕಿ ರಾತ್ರಿ ನಮ್ ಕಡ್ಲಿ ಮೇದು ಹೋಗ್ಯಾವ ನೋಡ್ರಿ" ಅಂದರು. ಸಿಟ್ಟಿರಲಿಲ್ಲ, ಆದರೆ ತಮಾಷೆಯೂ ಆಗಿರಲಿಲ್ಲ. ನನ್ನ ಬೈನಾಕ್ಯುಲರ್ ಇಸಿದುಕೊಂಡು ಐದು ನಿಮಿಷ ನೋಡಿದರು. ವಾಪಸ್ ಕೊಡುವಾಗ, ಹೊಂದಿಸಿಟ್ಟಿದ್ದ ಬಳೆ ಪೂರ್ತಿ ತಿರುಗಿತ್ತು. ಡ್ರೋನ್ ಹಾರಿಸುವವರ ಬಗ್ಗೆ ನಾನು ಮಾತಾಡುವುದಿಲ್ಲ, ಬಿಪಿ ಏರುತ್ತದೆ.

ಕೊನೆಯದಾಗಿ, ಪ್ರತಿ ಹೆಬ್ಬಾತಿನ ಕೊರಳನ್ನೂ ನೋಡಿ. ಮಂಗೋಲಿಯಾದಲ್ಲಿ ಕೆಲವಕ್ಕೆ ಅಕ್ಷರ, ಅಂಕಿ ಬರೆದ ಬಣ್ಣದ ಪಟ್ಟಿ ತೊಡಿಸಿ ಬಿಡುತ್ತಾರೆ. ಮೈಸೂರು ಕಡೆಯ ಹದಿನಾರು ಅನ್ನುವ ಊರಿನ ಕೆರೆಯಲ್ಲಿ ಅಂಥವು ಸಿಕ್ಕಿವೆ. ಕಂಡರೆ ಪಟ್ಟಿಯ ಬಣ್ಣ, ಅಕ್ಷರ ಎರಡೆರಡು ಸಲ ಓದಿ, ಫೋಟೊ ತೆಗೆದು, ಆ ದಿನ ಕಂಡ ಹಕ್ಕಿಗಳ ಪಟ್ಟಿಯ ಜೊತೆ ಇ-ಬರ್ಡ್‌ಗೆ ಹಾಕಿ. ನನಗೆ ಮಾಗಡಿಯಲ್ಲಿ ಇನ್ನೂ ಒಂದೂ ಸಿಕ್ಕಿಲ್ಲ. ಡಿಸೆಂಬರ್ ಮೊದಲ ವಾರ ಮತ್ತೆ ಹೋಗ್ತಿದ್ದೇನೆ, ಬೈಕಿನ ಹಿಂದಿನ ಸೀಟು ಖಾಲಿ ಇದೆ.