ದಿಂಬಿನ ಮೇಲೆ ದೇವಣಿ ಹೋರಿ

ಬೀದರ್‌ನಲ್ಲಿ ನನ್ನದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಕೆಲಸ. ಚಿತ್ರಕಾರ ಗೆಳೆಯರೊಬ್ಬರು ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಕೊಟ್ಟಿಗೆ ಮುಂದೆ ಕೂತು ದನ, ಆಡು, ಎಮ್ಮೆಗಳ ಚಿತ್ರ ಬಿಡಿಸುತ್ತಾರೆ. ಅವನ್ನು ದಿಂಬಿನ ಕವರ್, ಬೆಡ್‌ಶೀಟ್ ಮೇಲೆ ತರೋಣ ಅಂದೆ. ಚಿತ್ರದ ಹಕ್ಕು ಅವರದೇ, ಮಾರಿದ ಪ್ರತಿ ಪೀಸಿಗೂ ಅವರಿಗೆ ಪಾಲು ಅಂತ ಮೊದಲೇ ಕಾಗದದ ಮೇಲೆ ಬರೆದುಕೊಂಡೆವು. ಸ್ನೇಹ ಉಳಿಯಬೇಕಲ್ವಾ.

ದೇವಣಿ ಅಂದರೆ ನಮ್ಮ ಕಡೆಯ ದನದ ತಳಿ, ಅದರಲ್ಲಿ ಮೂರು ಬಗೆ. ವಾನ್ನೇರಾಗೆ ಮೈಯೆಲ್ಲ ಬಿಳಿ, ಮುಖದ ಪಕ್ಕ ಮಾತ್ರ ಕಪ್ಪು. ಬಾಳಂಕ್ಯಾಗೆ ಮೈಯ ಕೆಳಭಾಗದಲ್ಲಿ ಕಪ್ಪು ಮಚ್ಚೆ. ಶೇವರಾಗೆ ಎಲ್ಲೆಂದರಲ್ಲಿ ಮಚ್ಚೆ. ಪ್ರಿಂಟ್ ಮಾಡುವವರಿಗೆ ಇನ್ನೇನು ಬೇಕು? ಬಿಳಿ ಕಾಟನ್, ಒಂದೇ ಸ್ಕ್ರೀನ್, ಒಂದೇ ಕಪ್ಪು ಬಣ್ಣ.

ಆದರೆ ಪೆನ್ನಿನ ಸಣ್ಣ ಗೆರೆ ಬಟ್ಟೆಗೆ ಒಗ್ಗುವುದಿಲ್ಲ. ಒತ್ತೊತ್ತಾಗಿ ಎಳೆದ ಗೆರೆಗಳು ಕಲೆಸಿ ಹೋಗುತ್ತವೆ. ಗೆಳೆಯರು ಅದೇ ಹೋರಿಯನ್ನು ಬ್ರಷ್‌ನಲ್ಲಿ ಮತ್ತೆ ಬಿಡಿಸಿದರು. ಶೇವರಾಗೆ ಹೊರಗೆರೆಯನ್ನೇ ತೆಗೆದು ಬರೀ ಮಚ್ಚೆ, ಕಣ್ಣು, ಗೊರಸು ಉಳಿಸಿದೆವು. ನೋಡೋಕೆ ಚೆಂದವೇ ಇತ್ತು. ನೋಡಿದವರೆಲ್ಲ ಮಾತ್ರ ‘ಎಚ್‌ಎಫ್ ಆಕಳಾ?’ ಅಂತ ಕೇಳಿದರು! ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್, ಡೇರಿಗಳಲ್ಲಿ ಸಾಕುವ ಕಪ್ಪು ಬಿಳುಪಿನ ವಿದೇಶಿ ತಳಿ. ಕಪ್ಪು ಬಿಳುಪು ಕಂಡರೆ ಈಗ ಎಲ್ಲರಿಗೂ ಡೇರಿಯದೇ ನೆನಪು. ಆಮೇಲೆ ಮೂರು ಗೆರೆ ವಾಪಸ್ ಬಂದವು: ಜೋತುಬಿದ್ದ ಕಿವಿ, ಬೆನ್ನ ಮೇಲಿನ ಡುಬ್ಬ, ಕತ್ತಿನ ಕೆಳಗಿನ ಗಂಗೆದೊಗಲು. ಅಷ್ಟಕ್ಕೇ ದೇವಣಿ ಎದ್ದು ನಿಂತಿತು.

ಬಟ್ಟೆಯನ್ನು ಮೊದಲು ಚೆನ್ನಾಗಿ ಒಗೆದು ಗಂಜಿ ಬಿಡಿಸುತ್ತೇನೆ. ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ, ಆಮೇಲೆ ಕವರ್ ಕುಗ್ಗಿ ಹೋರಿ ಸೊಟ್ಟಗಾಗುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಪಿಗ್ಮೆಂಟ್ ಪೇಸ್ಟ್ ಸ್ಕ್ರೀನ್ ಜಾಲರಿಯಲ್ಲೇ ಒಣಗಿ ಕೂರುತ್ತದೆ. ಅದಕ್ಕೇ ಬೆಳಗಿನ ತಂಪಲ್ಲಿ ಪ್ರಿಂಟ್, ಫ್ಯಾನ್ ಬಂದ್. ಪೂರ್ತಿ ಒಣಗಿದ ಮೇಲೆ ಹಿಂಬದಿಯಿಂದ ಬಿಸಿ ಇಸ್ತ್ರಿ. ಈ ಇಸ್ತ್ರಿಯಲ್ಲಿ ಅವಸರ ಮಾಡಿದರೆ ಒಗೆತದಲ್ಲಿ ಬಣ್ಣ ಬಿಡುತ್ತದೆ.

ಉಸ್ಮಾನಾಬಾದಿ ಆಡು ಹೆಚ್ಚಾಗಿ ಕಪ್ಪು. ಅಷ್ಟಗಲ ಕಪ್ಪು ತುಂಬಿದರೆ ಬಟ್ಟೆ ಬಿರುಸಾಗಿ ಕೆನ್ನೆಗೆ ಒತ್ತುತ್ತದೆ. ಹಾಗಾಗಿ ಅದನ್ನು ಪ್ರಿಂಟ್ ಮಾಡಲೇ ಇಲ್ಲ, ಕೌದಿಗೆ ಬಿಟ್ಟೆವು. ಹಳೇ ಕಪ್ಪು ಸೀರೆಯಲ್ಲಿ ಆಡು ಕತ್ತರಿಸಿ, ಓಣಿಯ ಕೌದಿ ಹೊಲಿಯುವ ಅಜ್ಜಿಗೆ ಕೊಟ್ಟೆ. ಅವರು ಚಿತ್ರವನ್ನು ಒಮ್ಮೆ ನೋಡಿ, ಬೆನ್ನಿಂದ ಹೊಟ್ಟೆಗೆ ಕೂದಲು ಇಳಿಯುವ ಹಾಗೇ ಬಿಳಿ ದಾರ ಓಡಿಸಿದರು. ನಾವಿಬ್ಬರೂ ಸುಮ್ನೆ ನೋಡುತ್ತಾ ಕೂತೆವು. ನನ್ನ ಕೇಳಿದರೆ ಇಡೀ ಸೆಟ್‌ನಲ್ಲಿ ಅದೇ ಚೆಂದ.

ಈಗ ಪಂಢರಪುರಿ ಎಮ್ಮೆ ಸರದಿ. ಕೊಂಬು ಹೆಗಲು ದಾಟಿ ಹಿಂದಕ್ಕೆ ಹೋಗುತ್ತದೆ, ದಿಂಬಿನ ಅಗಲ ಸಾಲುವುದಿಲ್ಲ. ಕೊಂಬು ಗಿಡ್ಡ ಮಾಡೋಣ ಅಂದರೆ ಗೆಳೆಯರು ಒಪ್ಪಲಿಲ್ಲ. ದಿವಾನ್ ಚಾದರಕ್ಕೆ ಅಳತೆ ತೆಗೆದಿದ್ದೇನೆ.