ಹಗುರ ಬೆಲ್ಜಿಯನ್ ಬಿಯರ್: ನಾನು ಕುಡಿಯುವ ರೀತಿ

ಪುಣೆಯಲ್ಲಿ ಈಗ ಬೆಲ್ಜಿಯನ್ ಶೈಲಿಯ ಬಿಯರ್‌ಗೆ ಜಾಸ್ತಿ ಹುಡುಕಾಡಬೇಕಿಲ್ಲ. 2009ರಲ್ಲಿ ಡೂಲಾಲಿ ಎಂಬ ಮೈಕ್ರೋಬ್ರೂವರಿ, ಅಂದರೆ ತಾವೇ ಬಿಯರ್ ತಯಾರಿಸಿ ಮಾರುವ ಸಣ್ಣ ಜಾಗ, ಶುರುವಾಯಿತು. ಆಮೇಲೆ ಒಂದೊಂದಾಗಿ ಇಂಥವು ಇನ್ನೂ ಬಂದವು. ವಿಟ್‌ಬಿಯರ್, ಅಂದರೆ ಗೋಧಿಯ ಮಬ್ಬು ಬಿಳಿ ಬಿಯರ್, ಎಷ್ಟೋ ಕಡೆ ಸಿಗುತ್ತದೆ. ಅದರಲ್ಲೂ ನಾನು ಆಲ್ಕೋಹಾಲ್ 5 ಪರ್ಸೆಂಟ್ ದಾಟದ್ದನ್ನೇ ಕೇಳುತ್ತೇನೆ.

ನನ್ನ ಹುಬ್ಬಳ್ಳಿ ದೋಸ್ತ ಮೊದಲ ಸಲ ಕುಡಿದು, "ಇದರಾಗ ಕಿಕ್ ಎಲ್ಲೈತಿಲೇ?" ಅಂದಿದ್ದ. ಲೆಕ್ಕ ನೋಡಿ. 8 ಪರ್ಸೆಂಟಿನ 650 ಎಂಎಲ್ ಸ್ಟ್ರಾಂಗ್ ಬಾಟಲಿಯಲ್ಲಿ 52 ಎಂಎಲ್ ಆಲ್ಕೋಹಾಲ್ ಇರುತ್ತದೆ. 4.5 ಪರ್ಸೆಂಟಿನ 330 ಎಂಎಲ್ ಬಿಯರ್‌ನಲ್ಲಿ ಸುಮಾರು 15 ಎಂಎಲ್ ಅಷ್ಟೇ. ನನಗೆ ಬೇಕಾದ್ದು ಎರಡನೇ ಗ್ಲಾಸಿನಲ್ಲೂ ನಾಲಿಗೆಗೆ ರುಚಿ ತಿಳಿಯುವುದು. ಅಷ್ಟು ಕುಡಿದರೂ ಗಾಡಿ ಮಾತ್ರ ಓಡಿಸುವುದಿಲ್ಲ, ರಿಕ್ಷಾದಲ್ಲೇ ಮನೆಗೆ.

ಇದರ ರುಚಿಯಲ್ಲಿ, ಬಿಯರನ್ನು ಹುಳಿಸುವ ಯೀಸ್ಟಿನ ಪಾಲು ದೊಡ್ಡದು. ಲಾಗರ್, ಅಂದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಬಿಯರ್, ಸುಮಾರು 10 ಡಿಗ್ರಿಯಲ್ಲಿ ಹುಳಿಯುತ್ತದೆ. ಬೆಲ್ಜಿಯನ್ ಬಿಯರ್ 20 ಡಿಗ್ರಿ ಆಸುಪಾಸಿನಲ್ಲಿ, ಕೆಲವು ಸಲ ಇನ್ನೂ ಮೇಲೆ. ಆ ಬೆಚ್ಚಗಿನ ಹದದಲ್ಲಿ ಯೀಸ್ಟ್ ಹಣ್ಣಿನ ವಾಸನೆ, ಲವಂಗದ ವಾಸನೆ ಹುಟ್ಟಿಸುತ್ತದೆ. ವಿಟ್‌ಬಿಯರ್‌ಗೆ ಮೊಳಕೆ ಬರಿಸದ ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆಯೂ ಬೀಳುತ್ತವೆ. ಬೆಲ್ಜಿಯಂನ ಹೂಗಾರ್ಡನ್ ಎಂಬ ಊರಿನಲ್ಲಿ 1950ರ ದಶಕದಲ್ಲಿ ಈ ಬಿಯರ್ ನಿಂತೇ ಹೋಗಿತ್ತು. ಅದನ್ನು 1960ರ ದಶಕದಲ್ಲಿ ಮತ್ತೆ ಶುರು ಮಾಡಿದವರು ಪಿಯೆರ್ ಸೆಲಿಸ್. ಅವರು ಹಾಲು ಮಾರುತ್ತಿದ್ದವರು! ಅವರಿಗೆ ನಾವೆಲ್ಲ ಋಣಿಗಳು.

ಇಷ್ಟು ವಾಸನೆ ಇರುವ ಬಿಯರನ್ನು ಐಸ್‌ನಷ್ಟು ತಣ್ಣಗೆ ಕುಡಿದರೆ ಏನೂ ಗೊತ್ತಾಗುವುದಿಲ್ಲ. ನಾನು ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಹೊರಗಿಡುತ್ತೇನೆ. ಪುಣೆಯ ಏಪ್ರಿಲ್ ಬಿಸಿಲಿಗೆ ಐದು ನಿಮಿಷ ಸಾಕು. 6ರಿಂದ 8 ಡಿಗ್ರಿ ಇದ್ದರೆ ಚೆನ್ನ. ಗ್ಲಾಸನ್ನು ಫ್ರೀಜರ್‌ನಲ್ಲಿ ಇಡಲೇಬೇಡಿ. ಸೋಪಿನ ಜಿಡ್ಡು ಉಳಿಯದ ಹಾಗೆ ತೊಳೆದು, ಸುರಿಯುವ ಮೊದಲು ತಣ್ಣೀರಲ್ಲಿ ಒಮ್ಮೆ ಜಾಲಿಸಿ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡರೆ ಗ್ಲಾಸ್ ಇನ್ನೂ ಸ್ವಚ್ಛವಾಗಿಲ್ಲ ಅಂತಲೇ ಅರ್ಥ.

ಗ್ಲಾಸ್ ಓರೆ ಹಿಡಿದು ಮುಕ್ಕಾಲು ಬಾಟಲಿ ಸುರಿಯುತ್ತೇನೆ. ಉಳಿದದ್ದನ್ನು ಮೆಲ್ಲಗೆ ಸುತ್ತಿಸಿ, ತಳದ ಯೀಸ್ಟ್ ಸಮೇತ ಮೇಲೆ ಹಾಕುತ್ತೇನೆ. ಮಬ್ಬು ಬರುತ್ತದೆ, ಎರಡು ಬೆರಳು ನೊರೆ ನಿಲ್ಲುತ್ತದೆ. ಮೊದಲು ಮೂಸಿ ನೋಡುವುದು, ಆಮೇಲೆ ಗುಟುಕು. ನಿಂಬೆ ಹೋಳು ಹಾಕುವುದು ನನಗೆ ಸರಿ ಬರಲ್ಲ. ಅದರ ಹುಳಿ ಕೊತ್ತಂಬರಿಯ ವಾಸನೆಯನ್ನು ಮುಚ್ಚಿಬಿಡುತ್ತದೆ, ನೊರೆಯೂ ಬೇಗ ಇಳಿಯುತ್ತದೆ.

ಜೊತೆಗೆ ತಿನ್ನಲು ಬಾಕರವಡಿ. ಇದು ಪುಣೆಯವರ ತಿಂಡಿ. ಒಳಗಿನ ಮಸಾಲೆಯಲ್ಲೂ ಧನಿಯಾ ಇರುತ್ತದೆ, ಹಾಗಾಗಿ ಎರಡೂ ಹೊಂದಿಕೊಳ್ಳುತ್ತವೆ. ಭಾನುವಾರ ಸಂಜೆ ನಮ್ಮ ಕಡೆಯವರು ಸೇರಿದರೆ ಗಿರ್ಮಿಟ್ ಮಾಡುತ್ತೇವೆ. ಮೆಣಸಿನಕಾಯಿ ಖಾರಕ್ಕೆ ಈ ಬಿಯರ್ ಹಿತ. ಸ್ಟ್ರಾಂಗ್ ಬಿಯರ್ ಆದರೆ ಖಾರ ಇನ್ನೂ ಉರಿಯುತ್ತದೆ, ಅಲ್ವಾ? ತುಂಬ ಮಸಾಲೆಯ ಮಟನ್ ಜೊತೆ ಮಾತ್ರ ಬೇಡ. ಬಿಯರ್ ಸುಮ್ನೆ ನೀರಾಗಿ ಕಾಣುತ್ತದೆ.

ಕೊಳ್ಳುವಾಗ ತಯಾರಿಕೆ ದಿನಾಂಕ ನೋಡಿ. ಹಗುರ ಬಿಯರ್ ಹಳೆಯದಾದಷ್ಟೂ ವಾಸನೆ ಕಳೆದುಕೊಳ್ಳುತ್ತದೆ. ವೈನ್ ಶಾಪ್‌ನಲ್ಲಿ ಹೊರಗಿಟ್ಟ ಕೇಸ್‌ನಿಂದ ತೆಗೆದುಕೊಟ್ಟರೆ ನಾನು ಒಪ್ಪುವುದಿಲ್ಲ, ಫ್ರಿಜ್‌ನಲ್ಲಿದ್ದದ್ದೇ ಕೇಳುತ್ತೇನೆ. ಮನೆಗೆ ತಂದ ಮೇಲೂ ಬಾಟಲಿ ನೆಟ್ಟಗೆ ನಿಲ್ಲಿಸಿಡಿ, ಮಲಗಿಸಬೇಡಿ. ಆಗ ಯೀಸ್ಟ್ ತಳದಲ್ಲೇ ಕೂರುತ್ತದೆ.