ಡಬಲ್ ಕ್ಲಿಕ್ ಮಾಡಿದರೂ ಫೈಲ್ ತೆರೆಯದಿದ್ದಾಗ ನಾನು ಮಾಡಿದ್ದು

ಎರಡು ದಿನದಿಂದ ನನ್ನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಯಾವ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೂ ತೆರೆಯುತ್ತಿರಲಿಲ್ಲ. ಫೋಟೋ, ಪಿಡಿಎಫ್, ಫೋಲ್ಡರ್ ಎಲ್ಲದಕ್ಕೂ ಅದೇ ಕಥೆ. ವೈರಸ್ ಇರಬಹುದು ಅಂತ ಹೆದರಿ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ.

ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಕ್ಲಿಕ್ ಮಾಡಿದಾಗ ಕೆಲವೊಮ್ಮೆ ಫೈಲ್ ಹೆಸರಿನ ಸುತ್ತ ಚೌಕ ಮೂಡಿ, ಹೆಸರು ಬದಲಿಸಲು ಕರ್ಸರ್ ಮಿನುಗುತ್ತಿತ್ತು. ಅಂದರೆ ನನ್ನ ಡಬಲ್ ಕ್ಲಿಕ್ಕನ್ನು ಕಂಪ್ಯೂಟರ್ ಎರಡು ಬಿಡಿ ಕ್ಲಿಕ್ ಅಂತ ಎಣಿಸುತ್ತಿತ್ತು, ಅಲ್ವಾ? ಫೈಲ್ ಆಯ್ಕೆ ಮಾಡಿ ಎಂಟರ್ ಒತ್ತಿದೆ. ತಕ್ಷಣ ತೆರೆಯಿತು! ಫೈಲ್ ಚೆನ್ನಾಗಿಯೇ ಇದೆ, ತೊಂದರೆ ಮೌಸ್ ಕಡೆಯದ್ದು ಅಂತ ಆಗಲೇ ಖಾತ್ರಿಯಾಯಿತು.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೌಸ್ ತೆರೆದು ಬಟನ್ಸ್ ಟ್ಯಾಬ್ ನೋಡಿದೆ. ಡಬಲ್ ಕ್ಲಿಕ್ ಸ್ಪೀಡ್ ಪೂರ್ತಿ ಫಾಸ್ಟ್ ಕಡೆಗಿತ್ತು. ಎರಡು ಕ್ಲಿಕ್ ನಡುವೆ ಸಾಮಾನ್ಯವಾಗಿ 500 ಮಿಲಿಸೆಕೆಂಡ್ ಸಮಯ ಸಿಗುತ್ತದೆ. ಫಾಸ್ಟ್ ಕಡೆಗೆ ಎಳೆದಷ್ಟೂ ಅದು ಕಡಿಮೆಯಾಗುತ್ತದೆ. ನಡುವಿಗೆ ತಂದು, ಪಕ್ಕದಲ್ಲಿದ್ದ ಪುಟ್ಟ ಫೋಲ್ಡರ್ ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಅದು ಬಾಯಿ ತೆರೆಯಿತು. ಎಷ್ಟು ನೆಮ್ಮದಿ!

ನಿಮಗೂ ಹೀಗಾದರೆ ಮೊದಲು ಎಂಟರ್ ಒತ್ತಿ ನೋಡಿ. ಆಗಲೂ ತೆರೆಯದಿದ್ದರೆ ರೈಟ್ ಕ್ಲಿಕ್ ಮಾಡಿ, ‘ಓಪನ್ ವಿತ್’ನಲ್ಲಿ ಸರಿಯಾದ ಆ್ಯಪ್ ಆರಿಸಿ.